ಹಿಂದಿನ ಸೀಟಿನ ಚರಿತ್ರೆ



2022ರ ಮೇ ತಿಂಗಳ ಕೊನೆಯ ವಾರ ಮುಂಬೈ ಸಂಚಾರ ಪೊಲೀಸರು ಒಂದು ಪ್ರಕಟಣೆ ಹೊರಡಿಸಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಇನ್ನು ಹದಿನೈದು ದಿನ ಕಳೆದ ಮೇಲೆ ಸ್ಕೂಟರು, ಬೈಕುಗಳ ಹಿಂದೆ ಕೂರುವವರೂ ಹೆಲ್ಮೆಟ್ ಹಾಕಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ, ಲೈಸೆನ್ಸೂ ಮೂರು ತಿಂಗಳು ಅಮಾನತಾಗಬಹುದು ಎಂದು ಅದರಲ್ಲಿತ್ತು. ನಮ್ಮ ಕನ್ನಡ ವೇಳೆಯಲ್ಲಿ ನಾನು ಅದನ್ನು ಓದಿ ಮುಗಿಸಿ ಒಂದು ಭಾವಗೀತೆ ಹಾಕಿದೆ. ಎರಡನೇ ಚರಣ ಮುಗಿಯುವಷ್ಟರಲ್ಲಿ ಫೋನು. ಮುಲುಂಡಿನ ಹಿರಿಯ ಕೇಳುಗರೊಬ್ಬರು. "ಅಲ್ಲಮ್ಮಾ, ಗಾಡಿ ಓಡಿಸೋನು ನಾನು. ಹಿಂದೆ ಸುಮ್ನೆ ಕೂತ್ಕೊಳ್ಳೋ ನಮ್ಮನೆಯವಳಿಗೆ ಯಾತಕ್ಕಮ್ಮಾ ಹೆಲ್ಮೆಟ್ಟು?"

ಕಾನೂನು ಹಾಗಿದೆ ಸರ್ ಎಂದು ಹೇಳಿ ಫೋನಿಟ್ಟೆ. ಹಾಡು ಮುಗಿಯುವುದರೊಳಗೆ ಅದಕ್ಕಿಂತ ಹೆಚ್ಚು ಹೇಳಲು ಸಮಯವಿರಲಿಲ್ಲ. ಆದರೆ ಆ 'ಸುಮ್ನೆ ಕೂತ್ಕೊಳ್ಳೋ' ಎಂಬ ಮಾತು ನನ್ನನ್ನು ಬಿಡಲಿಲ್ಲ. ಸ್ಕೂಟರು, ಮೋಟಾರ್ ಸೈಕಲ್ಲುಗಳ ಚರಿತ್ರೆಯನ್ನು ಬರೆದವರೆಲ್ಲ ಎಂಜಿನ್ನಿನ ಬಗ್ಗೆ, ಮೈಲೇಜಿನ ಬಗ್ಗೆ, ಓಡಿಸಿದವರ ಬಗ್ಗೆ ಬರೆದಿದ್ದಾರೆ. ಹಿಂದೆ ಕೂತವರದ್ದು ಎಲ್ಲೂ ಇಲ್ಲ. ಆ ಹಿರಿಯರಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ಸ್ವಲ್ಪ ಸಾವಧಾನವಾಗಿ ಇಲ್ಲಿ ಕೊಡುತ್ತಿದ್ದೇನೆ. ನೀವೂ ಕೇಳಿಸಿಕೊಳ್ಳಿ.

ಕಥೆ ಶುರುವಾಗುವುದು ಇಟಲಿಯಲ್ಲಿ. ಎರಡನೇ ಮಹಾಯುದ್ಧ ಮುಗಿದಿತ್ತು. ವಿಮಾನ ತಯಾರಿಸುತ್ತಿದ್ದ ಪಿಯಾಜಿಯೋ ಕಂಪನಿಗೆ ಇನ್ನು ವಿಮಾನ ಮಾಡುವ ಹಾಗಿರಲಿಲ್ಲ. ಜನರಿಗೆ ಕಡಿಮೆ ಬೆಲೆಯ ಒಂದು ವಾಹನ ಬೇಕಿತ್ತು. ಅದನ್ನು ರೂಪಿಸುವ ಕೆಲಸ ಬಿದ್ದದ್ದು ಕೊರಾದಿನೋ ದಸ್ಕಾನಿಯೋ ಎಂಬ ವಿಮಾನ ಎಂಜಿನಿಯರ್ ಹೆಗಲಿಗೆ. ತಮಾಷೆಯೆಂದರೆ ಈ ಮನುಷ್ಯನಿಗೆ ಮೋಟಾರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಬಟ್ಟೆಗೆ ಎಣ್ಣೆ ಸಿಡಿಯುತ್ತದೆ, ಚೈನು ಕೊಳಕು, ಕಾಲೆತ್ತಿ ಹತ್ತಬೇಕು, ಪಂಕ್ಚರ್ ಆದರೆ ಚಕ್ರ ಬಿಚ್ಚುವುದೇ ಒಂದು ರಗಳೆ. ಹಾಗಾಗಿ ಅವನು ಎಂಜಿನ್ನನ್ನು ತಗಡಿನೊಳಗೆ ಮುಚ್ಚಿದ, ಚೈನನ್ನೇ ತೆಗೆದುಹಾಕಿದ, ಲಂಗ ತೊಟ್ಟವರೂ ಸಲೀಸಾಗಿ ಹತ್ತಲೆಂದು ನಡುವೆ ಖಾಲಿ ಜಾಗ ಬಿಟ್ಟ. 1946ರಲ್ಲಿ ಹೊರಬಂದ ಆ ವಾಹನವೇ ವೆಸ್ಪಾ. ಇಟಲಿಯ ಮಾತಿನಲ್ಲಿ ಕಣಜದ ಹುಳು ಎಂದರ್ಥ.

ಲಂಗಕ್ಕೆಂದು ಬಿಟ್ಟ ಆ ಜಾಗ ನಮ್ಮ ದೇಶಕ್ಕೆ ಬಂದಾಗ ಏನಾಯಿತು ಬಲ್ಲಿರಾ? ಅಲ್ಲಿ ಮಗು ನಿಂತಿತು. ಸೀರೆ ಉಟ್ಟವರು ಹಿಂದಕ್ಕೆ ಹೋದರು.

ಬಜಾಜ್ ಸಂಸ್ಥೆ 1948ರಿಂದ ಸ್ಕೂಟರುಗಳನ್ನು ತರಿಸಿ ಮಾರುತ್ತಿತ್ತು. 1959ರಲ್ಲಿ ಇಲ್ಲೇ ತಯಾರಿಸಲು ಸರ್ಕಾರದ ಲೈಸೆನ್ಸು ಸಿಕ್ಕಿತು. ನಮ್ಮ ಪಕ್ಕದ ಪುಣೆಯಲ್ಲಿ ವೆಸ್ಪಾ ತಯಾರಾಗತೊಡಗಿತು. ಇದೇ ಮುಂಬೈಯ ಎ.ಪಿ.ಐ. ಕಂಪನಿ ಅದಕ್ಕೂ ಮೊದಲೇ ಲ್ಯಾಂಬ್ರೆಟಾ ಜೋಡಿಸುತ್ತಿತ್ತು. ಪಿಯಾಜಿಯೋ ಜೊತೆಗಿನ ಒಪ್ಪಂದ 1971ರಲ್ಲಿ ಮುಗಿದ ಮೇಲೆ ಬಜಾಜ್ 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಹೊರತಂದದ್ದು ಚೇತಕ್. ಎಷ್ಟು ಗಾಡಿ ತಯಾರಿಸಬೇಕು ಎಂಬುದನ್ನು ಕೂಡ ಸರ್ಕಾರವೇ ನಿಗದಿ ಮಾಡುತ್ತಿದ್ದ ಕಾಲ ಅದು. ಬೇಕೆನ್ನುವವರು ಲಕ್ಷಗಟ್ಟಲೆ, ಸಿಗುವುದು ಕೈಬೆರಳಷ್ಟು. ಹಣ ಕಟ್ಟಿ ಹತ್ತು ವರ್ಷ ಕಾದವರಿದ್ದಾರೆ. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಮದುವೆಗೆ ಬರುತ್ತದೆ ಎಂಬ ಮಾತು ಪೂರ್ತಿ ಉತ್ಪ್ರೇಕ್ಷೆಯೇನೂ ಅಲ್ಲ.

ನಮ್ಮ ಅಪ್ಪ ಮೈಸೂರಿನಲ್ಲಿ 1979ರಲ್ಲಿ ಬುಕ್ ಮಾಡಿದ ಚೇತಕ್ ಮನೆಗೆ ಬಂದದ್ದು 1986ರಲ್ಲಿ. ನಾನು ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ. ಹಾಗಾಗಿ ಮನೆಯಲ್ಲಿ ನನಗಿಂತ ಅದು ಹಿರಿಯದು, ಅದರ ಮರ್ಯಾದೆಯೂ ಹಾಗೇ ಇತ್ತು. ಭಾನುವಾರ ಬೆಳಗ್ಗೆ ತಿಂಡಿಗೆ ಮುಂಚೆ ಅದಕ್ಕೆ ಸ್ನಾನ. ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಪೆಟ್ರೋಲಿನಲ್ಲಿ ತೊಳೆಯುವುದು, ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಡುವುದು, ಬ್ರೇಕು ಬಿಗಿ ಮಾಡುವುದು, ಸ್ಟೆಪ್ನಿಯ ಗಾಳಿ ನೋಡುವುದು. ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸುವಾಗ ಅಳತೆ ತಪ್ಪದಂತೆ ಅಪ್ಪ ಪಕ್ಕದಲ್ಲೇ ನಿಂತು ಕಾಯುತ್ತಿದ್ದರು. ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನು ಒಂದು ಬದಿಗೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ ಒಂದು ಕಿಕ್. ಇದನ್ನು ಓದುತ್ತಿರುವ ಎಷ್ಟೋ ಜನರಿಗೆ ಬಲಗಾಲು ತಾನಾಗಿ ಅಲ್ಲಾಡಿರುತ್ತದೆ, ನನಗೆ ಗೊತ್ತು.

ಆ ಗಾಡಿಯ ಮೇಲೆ ನಾವು ನಾಲ್ವರು. ಮುಂದೆ ಹ್ಯಾಂಡಲ್ ಹಿಡಿದು ನಿಂತವಳು ನಾನು. ಅಪ್ಪ ಓಡಿಸುವವರು. ಅಪ್ಪನ ಬೆನ್ನಿಗೂ ಅಮ್ಮನ ತೋಳಿಗೂ ನಡುವೆ ತಮ್ಮ. ಕೊನೆಯಲ್ಲಿ, ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೊಡೆಯ ಮೇಲೆ ಒಂದು ಚೀಲ ಇಟ್ಟುಕೊಂಡು ಅಮ್ಮ. ಒಂದು ಕೈ ಚೀಲಕ್ಕೆ, ಇನ್ನೊಂದು ಅಪ್ಪನ ಹೆಗಲಿಗೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದರೆ ಬೀದಿಯ ತಿರುವು ದಾಟುವವರೆಗೆ ಹೆಗಲಿಗೂ ಕೈಯಿಲ್ಲ, ಸೀಟಿನ ಅಂಚಿಗೆ. ಇದನ್ನು ಅವರು 'ಸುಮ್ನೆ ಕೂತ್ಕೊಳ್ಳೋದು' ಎಂದರು ನೋಡಿ!

ಸಂಸಾರಸ್ಥರು ಸ್ಕೂಟರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ದಸ್ಕಾನಿಯೋ ಮುಚ್ಚಿದ ಆ ತಗಡು ಹಿಂದಿನ ಚಕ್ರವನ್ನೂ ಹೆಚ್ಚುಕಮ್ಮಿ ಮುಚ್ಚುತ್ತಿತ್ತು. ಚೈನಿಲ್ಲ, ಕಡ್ಡಿಗಳಿಲ್ಲ, ಸೀರೆ ಸಿಕ್ಕಿಕೊಳ್ಳುವ ಭಯ ಕಡಿಮೆ. ಮೋಟಾರ್ ಸೈಕಲ್ ಎಂದರೆ ಬ್ರಹ್ಮಚಾರಿಗಳ ವಾಹನ. ನಮ್ಮ ಮೈಸೂರಿನಲ್ಲಂತೂ ಅದಕ್ಕೆ ಒಂದು ಕಾರ್ಖಾನೆಯೇ ಇತ್ತು. ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ವಿನ್ಯಾಸ ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರವನ್ನೂ ಆ ಕಂಪನಿಯ ಹೆಸರಿನ ಮೊದಲೆರಡು ಅಕ್ಷರವನ್ನೂ ಕೂಡಿಸಿ ಜಾವಾ ಎಂದು ಕರೆದ. ಅದೇ ಜಾವಾ 1960ರ ದಶಕದ ಆರಂಭದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿ, 70ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಬಂತು. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್! ಆ ಕಡೆ ಈ ಕಡೆ ಒಂದೊಂದು ಸೈಲೆನ್ಸರ್. ನಮ್ಮ ಸೋದರಮಾವನ ಹತ್ತಿರ ಒಂದು ಯೆಜ್ಡಿ ಇತ್ತು. ಮದುವೆ ನಿಶ್ಚಯವಾದ ವಾರವೇ ಅವನು ಅದಕ್ಕೆ ಎಡಗಡೆ ಒಂದು ಕಬ್ಬಿಣದ ಜಾಲರಿ ಹಾಕಿಸಿಕೊಂಡು ಬಂದ. ಸಾರಿ ಗಾರ್ಡು. ಬೀದಿಯವರೆಲ್ಲ ಲಗ್ನಪತ್ರಿಕೆ ನೋಡುವ ಮೊದಲೇ ಆ ಜಾಲರಿ ನೋಡಿ ವಿಷಯ ತಿಳಿದುಕೊಂಡರು.

ಈ ಸಾರಿ ಗಾರ್ಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಪೂರ್ತಿಯಾಗಿ ಹಿಂದೆ ಕೂರುವವರದ್ದೇ. ಹಿಂದಿನ ಸೀಟಿರುವ ಪ್ರತಿ ಮೋಟಾರ್ ಸೈಕಲ್ಲಿಗೂ ಹಿಡಿದುಕೊಳ್ಳಲು ಒಂದು ಹಿಡಿ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ರಕ್ಷಣೆ ಇರಬೇಕು ಎನ್ನುತ್ತದೆ ಅದು. ಬಹಳ ಒಳ್ಳೆಯ ನಿಯಮ. ನಮ್ಮ ಹೆಂಗಸರು ಹೇಗೆ ಕೂರುತ್ತಾರೆ ಎಂದು ಯಾರೋ ಒಬ್ಬರು ಕಣ್ಣಿಟ್ಟು ನೋಡಿ ಬರೆದದ್ದು. ಇವತ್ತಿಗೂ ಎಷ್ಟೋ ಹುಡುಗರು ಹೊಸ ಬೈಕು ತಂದ ತಿಂಗಳಿಗೇ ಅಂದ ಕೆಡುತ್ತದೆಂದು ಅದನ್ನು ಬಿಚ್ಚಿಸಿ ಗ್ಯಾರೇಜಿನಲ್ಲೇ ಬಿಟ್ಟು ಬರುತ್ತಾರೆ. ನಿಮ್ಮ ಮನೆಯಲ್ಲೂ ಒಬ್ಬನಿದ್ದರೆ ದಯವಿಟ್ಟು ಅವನಿಗೆ ಈ ಪ್ಯಾರಾ ಓದಿ ಹೇಳಿ. ಈಗ ಸೀರೆಗಿಂತ ದುಪಟ್ಟಾ ಸಿಕ್ಕಿಕೊಳ್ಳುವುದೇ ಹೆಚ್ಚು.

ಅಂತೂ ಸೀರೆಗೆ ಕಾವಲು ಸಿಕ್ಕಿತು. ತಲೆಗೆ?

ಈಗ ಅಮ್ಮನ ವಿಷಯ ಹೇಳುತ್ತೇನೆ. 2003ನೇ ಇಸವಿ, ನಾನಾಗ ಹತ್ತನೇ ತರಗತಿ. ಅಪ್ಪ, ಅಮ್ಮ ಇಬ್ಬರೇ ನಂಜನಗೂಡಿಗೆ ಒಂದು ಮದುವೆಗೆ ಹೊರಟಿದ್ದರು. ಹೆದ್ದಾರಿ ಎಂದು ಅಪ್ಪ ಹೆಲ್ಮೆಟ್ ತೆಗೆದುಕೊಂಡಿದ್ದರು. ಆದರೆ ಸೆಕೆ. ಊರು ದಾಟಿದ ಮೇಲೆ ಹಾಕಿಕೊಂಡರಾಯಿತು ಎಂದು ಅದನ್ನು ಅಮ್ಮನ ಕೈಗೆ ಕೊಟ್ಟರು. ಊರು ದಾಟುವ ಮುಂಚೆಯೇ ಒಂದು ಹಂಪು. ಬಣ್ಣ ಬಳಿದಿರಲಿಲ್ಲ, ಹಿಂದಿನ ರಾತ್ರಿ ಹಾಕಿದ್ದಿರಬೇಕು. ಅಪ್ಪನ ಕೈಯಲ್ಲಿ ಹ್ಯಾಂಡಲ್ ಇತ್ತು, ಬಚಾವಾದರು. ಅಮ್ಮನ ಎರಡೂ ಕೈ ತೊಡೆಯ ಮೇಲಿನ ಹೆಲ್ಮೆಟ್ಟನ್ನು ಹಿಡಿದುಕೊಂಡಿದ್ದವು. ಹಿಂದಕ್ಕೆ ಬಿದ್ದಳು, ತಲೆಯ ಹಿಂಭಾಗಕ್ಕೆ ಪೆಟ್ಟು. ಗಾಡಿಯ ವೇಗ ಹೆಚ್ಚೆಂದರೆ ಮೂವತ್ತು ಇದ್ದಿರಬಹುದು. ಎರಡು ದಿನ ಪ್ರಜ್ಞೆ ಇರಲಿಲ್ಲ. ಹೆಲ್ಮೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ ಎಂದು ನೋಡಲು ಬಂದವರೆಲ್ಲ ಹೇಳಿದರು. ಅಪ್ಪ ಆ ಮಾತಿಗೆ ಎದ್ದು ಹೊರಗೆ ಹೋಗುತ್ತಿದ್ದರು.

ಅಮ್ಮ ಎದ್ದಳು, ಓಡಾಡಿದಳು, ಲೆಕ್ಕ ಮರೆಯಲಿಲ್ಲ, ಹೆಸರು ಮರೆಯಲಿಲ್ಲ. ಮನೆಗೆ ಬಂದ ಒಂದು ವಾರಕ್ಕೆ ಅಡುಗೆಮನೆಯಲ್ಲಿ ಹಾಲು ತಳ ಹತ್ತಿ ಮನೆಯೆಲ್ಲ ಹೊಗೆ ನಾತ. ಅಮ್ಮ ಒಲೆಯ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅವಳಿಗೆ ವಾಸನೆ ಹೋಗಿತ್ತು. ಡಾಕ್ಟರು ವಿವರಿಸಿದರು: ಮೂಗಿನಿಂದ ಮೆದುಳಿಗೆ ಹೋಗುವ ನರಗಳು ಎಳೆಯಷ್ಟು ತೆಳು, ಜರಡಿಯಂಥ ಒಂದು ಮೂಳೆಯ ತೂತುಗಳ ಮೂಲಕ ಮೇಲೆ ಹತ್ತುತ್ತವೆ, ತಲೆಯ ಹಿಂದೆ ಪೆಟ್ಟು ಬಿದ್ದಾಗ ಮೆದುಳು ಒಳಗೇ ಜರುಗುತ್ತದೆ, ಆ ಎಳೆಗಳು ಕಡಿದುಹೋಗುತ್ತವೆ. ಕೆಲವರಿಗೆ ವಾಪಸು ಬರುತ್ತದೆ. ಅಮ್ಮನಿಗೆ ಬರಲಿಲ್ಲ.

ತಲೆಗೂ ಗಾಡಿಗೂ ಇರುವ ಈ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿದವನು ಕೂಡ ಒಬ್ಬ ಡಾಕ್ಟರೇ. 'ಲಾರೆನ್ಸ್ ಆಫ್ ಅರೇಬಿಯಾ' ಎಂದು ನೀವು ಸಿನಿಮಾದಲ್ಲಿ ನೋಡಿದ ಟಿ.ಇ. ಲಾರೆನ್ಸ್ ಸತ್ತದ್ದು ಮರುಭೂಮಿಯಲ್ಲಲ್ಲ. 1935ರ ಮೇ 13ರಂದು ಇಂಗ್ಲೆಂಡಿನ ಒಂದು ಹಳ್ಳಿ ರಸ್ತೆಯಲ್ಲಿ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿನಿಂದ ಬಿದ್ದ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡ. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಆಸ್ಟ್ರೇಲಿಯಾ ಮೂಲದ ಮೆದುಳಿನ ಶಸ್ತ್ರವೈದ್ಯ ಒಬ್ಬ. ಆ ಸಾವು ಅವನ ಮನಸ್ಸಿನಲ್ಲಿ ಉಳಿಯಿತು. ಯುದ್ಧ ಶುರುವಾಗಿ, ಕತ್ತಲಲ್ಲಿ ದೀಪವಿಲ್ಲದೆ ಬೈಕು ಓಡಿಸುವ ಸೈನಿಕರು ರಸ್ತೆಗಳಲ್ಲೇ ಸಾಯತೊಡಗಿದಾಗ ಅವನು ಲೆಕ್ಕ ಹಾಕಲು ಕೂತ. 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವನ ಲೇಖನ ಬಂತು. ಓಡಿಸುವವರನ್ನೂ ಹಿಂದೆ ಕೂತವರನ್ನೂ ಸೇರಿಸಿಯೇ ಅವನ ಲೆಕ್ಕ, ಇದನ್ನು ಗಮನಿಸಿ. ಸತ್ತವರಲ್ಲಿ ಹೆಚ್ಚಿನವರಿಗೆ ಪೆಟ್ಟಾದದ್ದು ತಲೆಗೆ. ಹೆಲ್ಮೆಟ್ ಹಾಕಿದ್ದವರು ಅವನ ಕಣ್ಣಿಗೆ ಬಿದ್ದದ್ದು ಬೆರಳೆಣಿಕೆಯಷ್ಟು, ಅವರೆಲ್ಲ ಬದುಕಿದ್ದರು. ಅದೇ ವರ್ಷ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಕರ್ತವ್ಯದ ಮೇಲಿರುವ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಸೈನಿಕರಲ್ಲದವರಿಗೆ ಬ್ರಿಟನ್ನಿನಲ್ಲಿ ಅದು ಕಡ್ಡಾಯವಾದದ್ದು 1973ರಲ್ಲಿ. ತಿಳಿದದ್ದಕ್ಕೂ ಮಾಡಿದ್ದಕ್ಕೂ ನಡುವೆ ಮೂವತ್ತೆರಡು ವರ್ಷ. ಹಾಗಾಗಿ ನಮ್ಮವರನ್ನು ಮಾತ್ರ ಬೈಯುವುದು ನ್ಯಾಯವಲ್ಲ.

ನಮ್ಮಲ್ಲಿ ಈ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹೈದರಾಬಾದಿನ ಕೇಳುಗರಿಗೆ ಇದು ಹತ್ತಿರದ ವಿಷಯ. ಆಂಧ್ರದ ನಿಯಮವೊಂದು ಸ್ಕೂಟರು, ಬೈಕು ಓಡಿಸುವವರು ಹೆಲ್ಮೆಟ್ ಹಾಕಬೇಕೆಂದಿತು. ದೇಶದಲ್ಲಿ ಸ್ವತಂತ್ರವಾಗಿ ಸಂಚರಿಸಲು ಸಂವಿಧಾನ ಕೊಟ್ಟ ಹಕ್ಕಿಗೆ ಇದು ಅಡ್ಡಿ ಎಂದು ಒಬ್ಬರು ಕೋರ್ಟಿಗೆ ಹೋದರು. 1988ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹೆಲ್ಮೆಟ್ ಹಾಕಿಕೊಂಡರೆ ಸಂಚಾರಕ್ಕೆ ಯಾವ ಅಡ್ಡಿಯೂ ಇಲ್ಲ, ಜೀವ ಉಳಿಯುತ್ತದೆ ಎಂಬ ಅರ್ಥದ ತೀರ್ಪು ಕೊಟ್ಟಿತು. ಅದೇ ವರ್ಷ ಹೊಸ ಮೋಟಾರು ವಾಹನ ಕಾಯ್ದೆಯೂ ಬಂತು. ಅದರ 129ನೇ ಕಲಮಿನ ಪ್ರಕಾರ ತಲೆಗವಚ ಬೇಕಾದ್ದು ಓಡಿಸುವವನಿಗೆ ಮಾತ್ರವಲ್ಲ, ಸವಾರಿ ಮಾಡುವ ಎಲ್ಲರಿಗೂ. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ. ಆದರೆ ಕೊನೆಯಲ್ಲಿ ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿದ್ದರು: ರಾಜ್ಯ ಸರ್ಕಾರಗಳು ತಮಗೆ ತೋಚಿದ ವಿನಾಯಿತಿಗಳನ್ನು ಕೊಡಬಹುದು.

ಆ ಬಾಗಿಲಿನಿಂದ ಮುಂದಿನ ಮೂವತ್ತು ವರ್ಷ ಹೊರಗೆ ಹೋದವರು ಹೆಚ್ಚಾಗಿ ಹಿಂದೆ ಕೂತವರೇ. ದೆಹಲಿಯಲ್ಲಿ 2014ರವರೆಗೆ ಮಹಿಳೆಯರು ಹಾಕದಿದ್ದರೂ ನಡೆಯುತ್ತಿತ್ತು. ಆ ವರ್ಷವಷ್ಟೇ, ಸಿಖ್ ಮಹಿಳೆಯರನ್ನು ಬಿಟ್ಟು, ಉಳಿದವರಿಗೆ ಕಡ್ಡಾಯವಾಯಿತು. ತಮಿಳುನಾಡಿನಲ್ಲಿ 2015ರ ಜುಲೈ 1ರಿಂದ ಮುಂದಿನವರೂ ಹಿಂದಿನವರೂ ಹಾಕಲೇಬೇಕೆಂದು ಮದ್ರಾಸ್ ಹೈಕೋರ್ಟು ಹೇಳಬೇಕಾಯಿತು. ನಮ್ಮ ಬೆಂಗಳೂರಿನಲ್ಲಿ ಓಡಿಸುವವರಿಗೆ 2006ರ ಕೊನೆಗೆ ಬಂದ ನಿಯಮ, ಕರ್ನಾಟಕದಲ್ಲಿ ಹಿಂದೆ ಕೂರುವವರಿಗೆ ಬಂದದ್ದು 2016ರ ಜನವರಿಯಲ್ಲಿ. ಒಂದೇ ಗಾಡಿ, ಎರಡು ತಲೆ, ನಡುವೆ ಒಂಬತ್ತು ವರ್ಷ! ಪುಣೆಯ ಕಥೆ ಬೇರೆ. ದ್ವಿಚಕ್ರ ವಾಹನಗಳ ಊರದು; ಚೇತಕ್ ಹುಟ್ಟಿದ್ದು ಅಲ್ಲಿ, 1972ರಲ್ಲಿ ಲೂನಾ ಹುಟ್ಟಿದ್ದೂ ಅಲ್ಲಿ. ಅಲ್ಲೇ 2019ರ ಜನವರಿಯಲ್ಲಿ ಹೆಲ್ಮೆಟ್ ಕಡ್ಡಾಯದ ವಿರುದ್ಧ ಜನ ಮೆರವಣಿಗೆ ಹೊರಟರು. ಊರೊಳಗೆ ವೇಗವೇ ಇಲ್ಲ, ಯಾತಕ್ಕೆ ಹೆಲ್ಮೆಟ್ಟು ಎಂಬುದು ಇಂಥ ಕಡೆ ಸದಾ ಕೇಳುವ ವಾದ. ಅಪ್ಪನ ಗಾಡಿ ಮೂವತ್ತರಲ್ಲಿತ್ತು ಎಂದು ಮೇಲೆ ಹೇಳಿದೆನಲ್ಲ.

ಅದೇ 2019ರಲ್ಲಿ ಸಂಸತ್ತು 129ನೇ ಕಲಮನ್ನು ಹೊಸದಾಗಿ ಬರೆಯಿತು. ನಾಲ್ಕು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ, ಓಡಿಸುವವರು, ಸವಾರಿ ಮಾಡುವವರು ಮತ್ತು 'ಕೊಂಡೊಯ್ಯಲ್ಪಡುವವರು' ಕೂಡ, ಎಂದು. ನಾನು ಕನ್ನಡ ಬಿ.ಎ. ಓದಿದವಳು, ಕರ್ಮಣಿ ಪ್ರಯೋಗ ಕಂಡರೆ ಮೂಗು ಮುರಿಯುವವಳು. ಆದರೆ ಈ ಒಂದು ಕರ್ಮಣಿ ಪ್ರಯೋಗದ ಮುಂದೆ ಸ್ವಲ್ಪ ಹೊತ್ತು ನಿಂತೆ. ಕಾಯ್ದೆಗೆ ಕೊನೆಗೂ ಅಮ್ಮ ಕಂಡಿದ್ದಳು. ಮುಂದೆ ನಿಂತ ನನ್ನಂಥವರೂ ಆಮೇಲೆ ಕಂಡರು: 9 ತಿಂಗಳಿಂದ 4 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್, ಓಡಿಸುವವರಿಗೆ ಕಟ್ಟಿಕೊಳ್ಳುವ ಪಟ್ಟಿ, ಗಾಡಿಯ ವೇಗ 40 ಕಿಲೋಮೀಟರಿನೊಳಗೆ ಎಂಬ ನಿಯಮ 2022ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಿಂದ ಜಾರಿಗೆ ಬಂತು. ಆ ಪಟ್ಟಿ ಕಟ್ಟಿದ ಮಗುವನ್ನು ನಾನು ರಸ್ತೆಯಲ್ಲಿ ಇದುವರೆಗೆ ಎರಡು ಸಲ ನೋಡಿದ್ದೇನೆ.

ಈ ನಡುವೆ ಸದ್ದಿಲ್ಲದೆ ಇನ್ನೊಂದು ಬದಲಾವಣೆಯೂ ಆಗಿತ್ತು. ಹಿಂದಿನ ಸೀಟಿನವರು ಮುಂದಕ್ಕೆ ಬಂದರು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾಕ್ಕೆ ಗೇರಿಲ್ಲ, ಗುಂಡಿ ಒತ್ತಿದರೆ ಸ್ಟಾರ್ಟು. 90ರ ದಶಕದಲ್ಲಿ ಸ್ಕೂಟಿ, 2001ರಲ್ಲಿ ಆಕ್ಟಿವಾ. ವಾಲಿಸುವುದು, ಕಿಕ್ ಹೊಡೆಯುವುದು, ಪ್ಲಗ್ ಉಜ್ಜುವುದು ಎಂಬ ಗಂಡಸರ ಭಾನುವಾರದ ವಿದ್ಯೆಗಳೆಲ್ಲ ಇದ್ದಕ್ಕಿದ್ದಂತೆ ಬೇಡವಾದವು. ಟೀಚರುಗಳು, ನರ್ಸುಗಳು, ಬ್ಯಾಂಕಿನವರು ತಾವೇ ಓಡಿಸಿಕೊಂಡು ಹೊರಟರು. ನಾನು ಕಾಲೇಜಿಗೆ ಹೋದದ್ದು ಸ್ಕೂಟಿಯಲ್ಲಿ, ಹೆಲ್ಮೆಟ್ ಹಾಕಿಕೊಂಡು. ನಮ್ಮ ಮನೆಯಲ್ಲಿ ಅದಕ್ಕೆ ಪೊಲೀಸರು ಬೇಕಾಗಿರಲಿಲ್ಲ. ಹಳೆಯ ಚೇತಕ್ 2009ರ ಹೊತ್ತಿಗೆ ನಿಂತುಹೋಯಿತು. 2020ರಲ್ಲಿ ಅದೇ ಹೆಸರಿನ ವಿದ್ಯುತ್ ಸ್ಕೂಟರು ಪುಣೆ ಮತ್ತು ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದಾಗ ಅಪ್ಪ ಫೋನು ಮಾಡಿ "ಸದ್ದೇ ಇಲ್ವಂತೆ ಕಣೇ, ಅದ್ಯಾತರ ಚೇತಕ್ಕು?" ಎಂದರು.

ಸರ್ಕಾರದ ಲೆಕ್ಕ ಒಂದಿದೆ, ಆ ಹಿರಿಯರಿಗಾಗಿ ಇಲ್ಲಿ ಕೊಡುತ್ತೇನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇದರಲ್ಲಿ ಓಡಿಸುತ್ತಿದ್ದವರು 35,692. ಉಳಿದ 14,337 ಜನ ಹಿಂದೆ ಕೂತಿದ್ದವರು. ದಿನಕ್ಕೆ ಸುಮಾರು 39 ಜನ. ಬದುಕಿ ಉಳಿದು ವಾಸನೆ ಕಳೆದುಕೊಂಡವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಪರಿಶೀಲನೆಯ ಪ್ರಕಾರ ಹೆಲ್ಮೆಟ್ಟಿನಿಂದ ಸಾವಿನ ಅಪಾಯ ನೂರಕ್ಕೆ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯ 69ರಷ್ಟು ಕಡಿಮೆಯಾಗುತ್ತದೆ.

ಆದರೆ ಯಾವ ಹೆಲ್ಮೆಟ್ಟು ಎಂಬುದು ಮುಖ್ಯ. ಹಿಂದೆ ಕೂರುವವರಿಗೆಂದು ಜನ ಕೊಳ್ಳುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಓಡಿಸುವವರಿಗೆ ಎರಡು ಸಾವಿರದ್ದು, ಹೆಂಡತಿಗೆ ರಸ್ತೆ ಬದಿಯ ನೂರೈವತ್ತು ರೂಪಾಯಿಯ ಪ್ಲಾಸ್ಟಿಕ್ ಟೋಪಿ. ಹೆಲ್ಮೆಟ್ಟಿನ ಕೆಲಸ ಮಾಡುವುದು ಹೊರಗಿನ ಚಿಪ್ಪಿಗಿಂತ ಒಳಗಿನ ದಪ್ಪ ಥರ್ಮೊಕೋಲು. ತಲೆ ನೆಲಕ್ಕೆ ಬಡಿದಾಗ ಅದು ತಾನು ಜಜ್ಜಿಹೋಗಿ, ಕ್ಷಣದ ಒಂದು ಸಣ್ಣ ಭಾಗದಷ್ಟು ಕಾಲ ತಲೆಯನ್ನು ನಿಧಾನ ಮಾಡುತ್ತದೆ. ಅಷ್ಟೇ ಸಾಕು ಮೆದುಳಿಗೆ. ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಒಮ್ಮೆ ಬಿದ್ದ ಹೆಲ್ಮೆಟ್, ಹೊರಗೆ ಚೆನ್ನಾಗಿ ಕಂಡರೂ, ಮುಗಿದ ಹಾಗೆ. ಆ ಟೋಪಿಯೊಳಗೆ ಇರುವುದು ಬಟ್ಟೆ ಸುತ್ತಿದ ಸ್ಪಂಜು. 2021ರ ಜೂನ್ 1ರಿಂದ ಐ.ಎಸ್. 4151 ಎಂಬ ಸಂಖ್ಯೆಯ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಹಿಂದಕ್ಕೆ ತಿರುಗಿಸಿ ಆ ಗುರುತು ನೋಡಿಕೊಳ್ಳಿ. ಗಲ್ಲದ ಪಟ್ಟಿ ಕಟ್ಟಿ. ಕಟ್ಟದಿದ್ದರೆ ಅದು ನಿಮಗಿಂತ ಮೊದಲು ರಸ್ತೆ ತಲುಪುತ್ತದೆ.

ಇನ್ನೊಂದು ವಿಷಯ, ಇದನ್ನು ಮೆಕ್ಯಾನಿಕ್ಕುಗಳೂ ಹೇಳುವುದಿಲ್ಲ. ನಿಮ್ಮ ಗಾಡಿಯ ಮೇಲೆ ಅಥವಾ ಅದರ ಪುಸ್ತಕದಲ್ಲಿ ಹಿಂದಿನ ಚಕ್ರದ ಗಾಳಿಗೆ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಒಬ್ಬರೇ ಹೋಗುವಾಗ, ಅದಕ್ಕಿಂತ ಹೆಚ್ಚಿನದು ಇಬ್ಬರಿರುವಾಗ. ಬಂಕಿನಲ್ಲಿ ನಾವು ಯಾವಾಗಲೂ ಹೇಳುವುದು ಮೊದಲನೆಯದನ್ನೇ. ಹಿಂದೆ ಕೂರುವವರ ಲೆಕ್ಕ ಗಾಳಿಯಲ್ಲೂ ಬಿಟ್ಟುಹೋಗಿದೆ ನೋಡಿ. ಮುಂದಿನ ಸಲ ಎರಡನೆಯದನ್ನು ಹೇಳಿ.

ಅಪ್ಪ ಎರಡನೇ ಹೆಲ್ಮೆಟ್ ತಂದದ್ದು 2003ರ ದಸರಾದಲ್ಲಿ, ಅಮ್ಮ ಮತ್ತೆ ಗಾಡಿ ಹತ್ತುವೆನೆಂದ ದಿನ. ಹತ್ತನೇ ತರಗತಿಯ ಹುಡುಗಿಗೆ ಅದೊಂದು ನಾಚಿಕೆ. ಇಡೀ ಬಡಾವಣೆಯಲ್ಲಿ ಹಿಂದೆ ಕೂತು ಹೆಲ್ಮೆಟ್ ಹಾಕುವ ಹೆಂಗಸು ಅಮ್ಮ ಒಬ್ಬಳೇ, ಹುಡುಗರು ನೋಡಿ ನಗುತ್ತಿದ್ದರು. ಅಮ್ಮನ ತಕರಾರು ಬೇರೆಯಿತ್ತು, ಮುಡಿದ ಮಲ್ಲಿಗೆ ಜಜ್ಜಿಹೋಗುತ್ತದೆ ಎಂದು. ಆಮೇಲೆ ಹೂವನ್ನು ಕೆಳಗೆ, ಜಡೆಯ ನಡುವಿಗೆ ಮುಡಿಯುವುದನ್ನು ಕಲಿತಳು. ಈಗಲೂ ನಾನು ಮೈಸೂರಿಗೆ ಹೋದಾಗ ಹೊರಗಿಂದ ಬಂದವಳೇ ಹೆಲ್ಮೆಟ್ ತೆಗೆದು ನನ್ನ ಮುಂದೆ ಹಿಡಿಯುತ್ತಾಳೆ.

"ಹೂವಿನ ವಾಸನೆ ಇದಕ್ಕೆ ಹತ್ತಿದೆಯೇನೇ, ನೋಡು."

ಹತ್ತಿದೆ ಅಮ್ಮ ಎನ್ನುತ್ತೇನೆ.